ಇವಿಎಂ ಮೇಲೆ ಅನುಮಾನವಾ? ಕಾಸರಗೋಡಿನ ಮತದಾರರು ಎಲ್ಲೆಲ್ಲಿ ಏನೇನು ನೋಡಬೇಕು

"ಇವಿಎಂ ನಂಬಬಹುದಾ?" ಚುನಾವಣೆ ಹತ್ತಿರ ಬಂದಾಗಲೆಲ್ಲ ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಎಲ್ಲರದೂ ಇದೇ ಪ್ರಶ್ನೆ. 2024ರ ಏಪ್ರಿಲ್ ನಂತರವಂತೂ ಜಾಸ್ತಿಯಾಗಿದೆ. ನಂಬಿ ಅಂತಲೋ ನಂಬಬೇಡಿ ಅಂತಲೋ ನಾನು ಹೇಳುವುದಿಲ್ಲ. ಯಂತ್ರ ಗೋದಾಮಿನಿಂದ ಹೊರಟು ಎಣಿಕೆಯ ಮೇಜಿಗೆ ಬರುವವರೆಗೆ ಜನ ಕಣ್ಣಿಟ್ಟು ನೋಡಬಹುದಾದ ಜಾಗಗಳಿವೆ. ಅವು ಕಾನೂನಿನಲ್ಲೇ ಇವೆ. ಆದರೆ ಅಲ್ಲಿ ಯಾರಾದರೂ ಹೋಗಿ ಕೂತರೆ ಮಾತ್ರ ಅವುಗಳಿಗೆ ಬೆಲೆ. ಆ ಜಾಗಗಳು ಯಾವುವು, ಅಲ್ಲಿ ಏನು ನೋಡಬೇಕು, ಎಲ್ಲಿ ಎಡವುತ್ತೇವೆ ಅನ್ನುವುದನ್ನು ಹಂತ ಹಂತವಾಗಿ ಬರೆದಿದ್ದೇನೆ. ಕೆಲವು ಹಂತಗಳು ಸಾಮಾನ್ಯ ಮತದಾರರಿಗೆ, ಕೆಲವು ಅಭ್ಯರ್ಥಿಯ ಏಜೆಂಟರಿಗೆ. ನಿಮಗೆ ಗುರುತಿರುವ ಏಜೆಂಟರಿದ್ದರೆ ಅವರಿಗೂ ಓದಿಸಿ.

ಮೊದಲು ಕೆಲವು ಹೆಸರು ಗೊತ್ತಿರಲಿ

ಬ್ಯಾಲೆಟ್ ಯೂನಿಟ್ ಅಂದರೆ ನಾವು ಗುಂಡಿ ಒತ್ತುವ ಪೆಟ್ಟಿಗೆ. ಕಂಟ್ರೋಲ್ ಯೂನಿಟ್ ಅಧಿಕಾರಿಯ ಮೇಜಿನ ಮೇಲೆ ಇರುತ್ತದೆ, ಮತ ದಾಖಲಾಗುವುದು ಅದರಲ್ಲಿ. ವಿವಿಪ್ಯಾಟ್ ಅಂದರೆ ನಾವು ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ಏಳು ಸೆಕೆಂಡ್ ಗಾಜಿನ ಹಿಂದೆ ತೋರಿಸಿ ಡಬ್ಬಿಗೆ ಬೀಳಿಸುವ ಯಂತ್ರ. ಈ ಮೂರೂ ಸೇರಿದರೆ ಒಂದು ಮತಗಟ್ಟೆಯ ಸೆಟ್. ಇವುಗಳನ್ನು ತಯಾರಿಸುವುದು ಎರಡು ಸರ್ಕಾರಿ ಕಂಪನಿಗಳು, ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್.

ಪ್ರಿಸೈಡಿಂಗ್ ಆಫೀಸರ್ ಅಂದರೆ ಬೂತಿನ ಮುಖ್ಯಸ್ಥರು. ರಿಟರ್ನಿಂಗ್ ಆಫೀಸರ್ ಅಂದರೆ ಇಡೀ ಕ್ಷೇತ್ರದ ಚುನಾವಣಾಧಿಕಾರಿ. ಇನ್ನು ಫಾರ್ಮ್ 17ಸಿ. ಒಂದು ಬೂತಿನಲ್ಲಿ ಒಟ್ಟು ಎಷ್ಟು ಮತ ಬಿತ್ತು ಅನ್ನುವ ಲೆಕ್ಕದ ಹಾಳೆ ಅದು. ಈ ಒಂದು ಹೆಸರನ್ನು ಮಾತ್ರ ಮರೆಯಬೇಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಒಂದು ಎಚ್ಚರಿಕೆ. ಇದೆಲ್ಲ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗೆ. ಪಂಚಾಯತ್ ಚುನಾವಣೆ ನಡೆಸುವುದು ಕೇರಳ ರಾಜ್ಯ ಚುನಾವಣಾ ಆಯೋಗ, ಅದರ ಯಂತ್ರಗಳೇ ಬೇರೆ. ಅಲ್ಲಿ ಗ್ರಾಮ, ಬ್ಲಾಕ್, ಜಿಲ್ಲಾ ಪಂಚಾಯತ್‌ಗೆ ಮೂರು ಮತ ಹಾಕುತ್ತೇವೆ, ವಿವಿಪ್ಯಾಟ್ ಇರುವುದಿಲ್ಲ. "ಚೀಟಿ ಬರಲೇ ಇಲ್ಲ, ಮೋಸ" ಅಂತ ಪಂಚಾಯತ್ ಚುನಾವಣೆಯ ದಿನ ಗಲಾಟೆ ಮಾಡುವವರು ಇದನ್ನು ತಿಳಿದುಕೊಳ್ಳಬೇಕು. ಅಲ್ಲೂ ಚೀಟಿ ಬೇಕು ಅಂತ ಕೇಳುವುದು ಬೇರೆ ವಿಷಯ, ಅದು ನ್ಯಾಯವಾದ ಬೇಡಿಕೆ ಅಂತಲೇ ನನ್ನ ಅಭಿಪ್ರಾಯ.

2024ರಲ್ಲಿ ಇಲ್ಲಿ ಆಗಿದ್ದೇನು

ಮತದಾನಕ್ಕೆ ಕೆಲವು ದಿನ ಮೊದಲು ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಯಂತ್ರಗಳನ್ನು ಸಜ್ಜು ಮಾಡುತ್ತಿದ್ದರು. ಆಗ ನಡೆದ ಅಣಕು ಮತದಾನದಲ್ಲಿ ಕೆಲವು ಯಂತ್ರಗಳು ಬಿಜೆಪಿ ಚಿಹ್ನೆಯ ಒಂದು ಹೆಚ್ಚುವರಿ ಚೀಟಿ ಕೊಟ್ಟವು ಎಂದು ಎದುರು ಪಕ್ಷಗಳ ಏಜೆಂಟರು ದೂರು ಕೊಟ್ಟರು. ಮರುದಿನವೇ, ಏಪ್ರಿಲ್ 18ರಂದು, ವಕೀಲ ಪ್ರಶಾಂತ್ ಭೂಷಣ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಆಗ ನಡೆಯುತ್ತಿದ್ದ ವಿವಿಪ್ಯಾಟ್ ಕೇಸಿನಲ್ಲಿ ಎತ್ತಿದರು. ಕೋರ್ಟು ಪರಿಶೀಲಿಸಿ ಅಂದಿತು. ಚುನಾವಣಾ ಆಯೋಗ ಜಿಲ್ಲೆಯಿಂದ ವರದಿ ತರಿಸಿಕೊಂಡು, ಆ ಸುದ್ದಿ ಸುಳ್ಳು ಅಂತ ಉತ್ತರ ಕೊಟ್ಟಿತು. ಬಂದಿದ್ದು ಯಂತ್ರ ಸಜ್ಜು ಮಾಡುವಾಗಿನ ಪರೀಕ್ಷಾ ಚೀಟಿ, ಅದರ ಮೇಲೆ ಎಣಿಕೆಗೆ ಅಲ್ಲ ಅಂತ ಮುದ್ರಣವಾಗಿತ್ತು ಅನ್ನುವುದು ಅಧಿಕಾರಿಗಳ ವಿವರಣೆ.

ಏಪ್ರಿಲ್ 26ರಂದು ನಾವು ಇಲ್ಲಿ ಮತ ಹಾಕಿದ ದಿನವೇ ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಾಂಕರ್ ದತ್ತ ಅವರ ಪೀಠ ಆ ಕೇಸಿನ ತೀರ್ಪು ಕೊಟ್ಟಿತು. ಕಾಗದದ ಮತಪತ್ರಕ್ಕೆ ಹಿಂತಿರುಗುವ ಬೇಡಿಕೆ, ಎಲ್ಲ ಚೀಟಿಗಳನ್ನೂ ಎಣಿಸುವ ಬೇಡಿಕೆ ಎರಡನ್ನೂ ಒಪ್ಪಲಿಲ್ಲ. ಆದರೆ ಕೆಲವು ಹೊಸ ಪರಿಶೀಲನೆಗಳನ್ನು ಸೇರಿಸಿತು, ಅದನ್ನು ಕೊನೆಯ ಹಂತದಲ್ಲಿ ಹೇಳುತ್ತೇನೆ.

ಈ ಘಟನೆಯಲ್ಲಿ ಯಾರು ಸರಿ ಅಂತ ಇವತ್ತಿಗೂ ವಾದ ನಡೆಯುತ್ತದೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅಲ್ಲಿ ಏಜೆಂಟರು ಕೂತಿದ್ದರು, ಚೀಟಿ ಎಣಿಸಿದರು, ಒಂದು ಜಾಸ್ತಿ ಇದೆ ಅಂತ ಕಂಡಾಗ ಸುಮ್ಮನಿರದೆ ದೂರು ಕೊಟ್ಟರು. ಅದಕ್ಕೇ ಅಧಿಕಾರಿಗಳು ವಿವರಣೆ ಕೊಡಬೇಕಾಯಿತು.

ಅನುಮಾನದಲ್ಲಿ ಹುರುಳಿರುವುದು ಯಾವುದು, ಇಲ್ಲದ್ದು ಯಾವುದು

ಯಂತ್ರಕ್ಕೆ ಇಂಟರ್ನೆಟ್, ಬ್ಲೂಟೂತ್, ವೈಫೈ ಯಾವುದೂ ಇಲ್ಲ ಅಂತ ಆಯೋಗ ಹೇಳುತ್ತದೆ. ಹಾಗಾಗಿ "ದೂರದಲ್ಲಿ ಕೂತು ಮೊಬೈಲಿನಿಂದ ಬದಲಾಯಿಸುತ್ತಾರೆ" ಅನ್ನುವ ವಾಟ್ಸಪ್ ಮಾತಿಗೆ ಆಧಾರ ಯಾರೂ ತೋರಿಸಿಲ್ಲ. ಆದರೆ 2010ರಲ್ಲಿ ಹರಿಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಗಾಂಗ್ರೈಪ್ ಎಂಬ ಮೂವರು ತಜ್ಞರು ಒಂದು ಹಳೆಯ ಮಾದರಿಯ ಇವಿಎಂ ಬಿಚ್ಚಿ, ಯಂತ್ರ ಕೈಗೆ ಸಿಕ್ಕರೆ ಫಲಿತಾಂಶ ಬದಲಿಸಬಹುದು ಅಂತ ತೋರಿಸಿದರು. ಆಮೇಲೆ ಯಂತ್ರದ ಮಾದರಿ ಬದಲಾಗಿದೆ, ವಿವಿಪ್ಯಾಟ್ ಸೇರಿದೆ. ಆದರೂ ಅವರು ಎತ್ತಿದ ಪ್ರಶ್ನೆ ಉಳಿದಿದೆ: ಯಂತ್ರ ಯಾರ ಕೈಯಲ್ಲಿತ್ತು, ಯಾವಾಗ, ಎಷ್ಟು ಹೊತ್ತು?

ಇನ್ನೆರಡು ಪ್ರಶ್ನೆಗಳೂ ಗಟ್ಟಿಯಾದವು. ಯಂತ್ರದೊಳಗಿನ ಪ್ರೋಗ್ರಾಂ ಸಾರ್ವಜನಿಕರಿಗೆ ನೋಡಲು ಸಿಗುವುದಿಲ್ಲ. ಮತ್ತೊಂದು, ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆ ಅವರ ಹೆಸರು ಮತ್ತು ಚಿಹ್ನೆಯನ್ನು ಸಿಂಬಲ್ ಲೋಡಿಂಗ್ ಯೂನಿಟ್ ಎಂಬ ಸಾಧನದ ಮೂಲಕ ವಿವಿಪ್ಯಾಟಿಗೆ ತುಂಬುತ್ತಾರೆ, ಅಂದರೆ ಹೊರಗಿನ ಸಾಧನವೊಂದು ಯಂತ್ರಕ್ಕೆ ಜೋಡಣೆಯಾಗುತ್ತದೆ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಅಲ್ಲಿ ಬಳಸಿದ್ದ ಮತಯಂತ್ರಗಳನ್ನು ತಳ್ಳಿಹಾಕಿದ್ದು ಒಂದು ತತ್ವದ ಮೇಲೆ. ಮತ ಹಾಕುವುದರಿಂದ ಎಣಿಕೆಯವರೆಗಿನ ಮುಖ್ಯ ಹಂತಗಳನ್ನು ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಮನುಷ್ಯನೂ ಪರಿಶೀಲಿಸುವಂತಿರಬೇಕು ಅಂತ ಅದು ಹೇಳಿತು. ಆ ಮಾತು ನನಗೆ ಪೂರ್ತಿ ಒಪ್ಪಿಗೆ. ನಮ್ಮಲ್ಲಿ ಸಾಮಾನ್ಯ ಮನುಷ್ಯನ ಕೈಗೆಟಕುವ ಪರಿಶೀಲನೆ ಅಂದರೆ ಚೀಟಿ, ಸೀಲ್, ನಂಬರ್ ಮತ್ತು 17ಸಿ. ಇನ್ನು ಒಂದೊಂದಾಗಿ ನೋಡೋಣ.

ಹಂತ 1: ಮತದಾರರ ಪಟ್ಟಿ ನೋಡಿ

ಯಂತ್ರದ ಬಗ್ಗೆ ಕೇಳಿದರೆ ಪಟ್ಟಿಯ ಬಗ್ಗೆ ಯಾಕೆ ಹೇಳುತ್ತಿದ್ದಾರೆ ಅನ್ನಿಸಬಹುದು. 2016ರ ಮಂಜೇಶ್ವರ ನೆನಪಿದೆ ಅಲ್ವಾ? ಪಿ.ಬಿ. ಅಬ್ದುಲ್ ರಜಾಕ್ ಗೆದ್ದಿದ್ದು ಬರೀ 89 ಮತಗಳಿಂದ. ಸೋತ ಕೆ. ಸುರೇಂದ್ರನ್ ಹೈಕೋರ್ಟಿಗೆ ಹೋದರು. ಅಲ್ಲಿ ಅವರ ಆರೋಪ ಯಂತ್ರದ ಮೇಲಿರಲಿಲ್ಲ. ತೀರಿಕೊಂಡವರ, ವಿದೇಶದಲ್ಲಿರುವವರ ಹೆಸರಿನಲ್ಲಿ ಕಳ್ಳವೋಟು ಬಿದ್ದಿದೆ ಅನ್ನುವುದಾಗಿತ್ತು. 2019ರಲ್ಲಿ ಅವರೇ ಅರ್ಜಿ ಹಿಂದಕ್ಕೆ ಪಡೆದರು. 2021ರಲ್ಲೂ ಅಲ್ಲಿ ಅಂತರ 745 ಮಾತ್ರ. ಮನೆಗೊಬ್ಬರು ಗಲ್ಫ್‌ನಲ್ಲಿರುವ ಊರುಗಳಲ್ಲಿ ಪಟ್ಟಿಯಲ್ಲಿರುವ ಹೆಸರಿಗೂ ಬೂತಿಗೆ ಬರುವ ಮನುಷ್ಯನಿಗೂ ಅಂತರ ಜಾಸ್ತಿ ಇರುತ್ತದೆ.

ಆದ್ದರಿಂದ ಪಟ್ಟಿ ಪ್ರಕಟವಾದಾಗ ನಿಮ್ಮ ಮನೆಯವರ ಹೆಸರಷ್ಟೇ ಅಲ್ಲ, ನಿಮ್ಮ ಬೂತಿನ ಪೂರ್ತಿ ಪಟ್ಟಿ ಓದಿ. ಹೊಸ ಹೆಸರಿಗೆ ಫಾರ್ಮ್ 6, ತೆಗೆಸಲು ಅಥವಾ ಆಕ್ಷೇಪಿಸಲು ಫಾರ್ಮ್ 7, ತಿದ್ದಲು ಫಾರ್ಮ್ 8. ಬಿಎಲ್‌ಒ, ಅಂದರೆ ನಿಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವ ಸಿಬ್ಬಂದಿ, ಯಾರೆಂದು ತಿಳಿಯದಿದ್ದರೆ 1950ಕ್ಕೆ ಕರೆ ಮಾಡಿ. ನಮ್ಮ ಹೆಸರು, ಮನೆತನದ ಹೆಸರು ಮಲಯಾಳಕ್ಕೆ ಹೋಗಿ ಬರುವಾಗ ರೂಪ ಬದಲಾಗುವುದು ಇಲ್ಲಿ ಸಾಮಾನ್ಯ. ಆ ತಪ್ಪನ್ನು ಚುನಾವಣೆ ಘೋಷಣೆಯಾಗುವ ಮೊದಲೇ ತಿದ್ದಿಸಿಕೊಳ್ಳಿ.

ಹಂತ 2: ಯಂತ್ರದ ನಂಬರ್ ಪಟ್ಟಿ ಇಟ್ಟುಕೊಳ್ಳಿ (ಏಜೆಂಟರಿಗೆ)

ಪ್ರತಿ ಯಂತ್ರಕ್ಕೂ ಒಂದು ನಂಬರ್ ಇದೆ. ಯಾವ ಯಂತ್ರ ಯಾವ ಕ್ಷೇತ್ರಕ್ಕೆ, ಆಮೇಲೆ ಯಾವ ಬೂತಿಗೆ ಅನ್ನುವುದನ್ನು ಕಂಪ್ಯೂಟರ್ ಎರಡು ಸುತ್ತಿನಲ್ಲಿ, ಯಾರೂ ಮೊದಲೇ ಊಹಿಸಲಾಗದಂತೆ ಹಂಚುತ್ತದೆ. ಮೊದಲ ಸುತ್ತಿಗೆ ಪಕ್ಷಗಳ ಪ್ರತಿನಿಧಿಗಳನ್ನು ಕರೆಯುತ್ತಾರೆ, ಎರಡನೆಯದಕ್ಕೆ ಅಭ್ಯರ್ಥಿಗಳನ್ನು. ಎರಡೂ ಸಲ ನಂಬರ್ ಪಟ್ಟಿ ಕೊಡುತ್ತಾರೆ.

ಈ ಪಟ್ಟಿಯನ್ನು ಪಕ್ಷದ ಕಚೇರಿಯ ಕಪಾಟಿನಲ್ಲಿಟ್ಟರೆ ಏನೂ ಪ್ರಯೋಜನ ಇಲ್ಲ. ಪ್ರತಿ ಬೂತ್ ಏಜೆಂಟರ ಕೈಯಲ್ಲಿ ಅವರವರ ಬೂತಿನ ನಂಬರ್ ಇರಬೇಕು. "ಕಾರಿನಲ್ಲಿ ಇವಿಎಂ ಸಿಕ್ಕಿತು" ಅನ್ನುವ ವಿಡಿಯೋ ಬಂದಾಗಲೂ ಇದೇ ಪಟ್ಟಿ ಬೇಕು. ತರಬೇತಿಗೆ, ಪ್ರಚಾರಕ್ಕೆ ಬಳಸುವ ಯಂತ್ರಗಳಿಗೆ ಹಳದಿ ಸ್ಟಿಕ್ಕರ್ ಇರುತ್ತದೆ, ಹಾಗೆಯೇ ಕೆಟ್ಟರೆ ಬದಲಿಸಲು ಮೀಸಲು ಯಂತ್ರಗಳೂ ಓಡಾಡುತ್ತವೆ. ಆ ಯಂತ್ರದ ನಂಬರ್ ಯಾವುದು, ಅದು ಯಾವ ಪಟ್ಟಿಯಲ್ಲಿದೆ ಅಂತ ನೋಡಿದರೆ ನಿಜ ತಿಳಿಯುತ್ತದೆ. ನಂಬರ್ ನೋಡದೆ ವಿಡಿಯೋ ಹಂಚಬೇಡಿ.

ಹಂತ 3: ಬೆಳಗ್ಗಿನ ಮಾಕ್ ಪೋಲ್ ತಪ್ಪಿಸಬೇಡಿ (ಏಜೆಂಟರಿಗೆ)

ಮಾಕ್ ಪೋಲ್ ಅಂದರೆ ನಿಜವಾದ ಮತದಾನಕ್ಕೆ ಮೊದಲು ನಡೆಸುವ ಅಣಕು ಮತದಾನ. ಇದು 90 ನಿಮಿಷ ಮೊದಲು ಶುರುವಾಗುತ್ತದೆ. 7 ಗಂಟೆಗೆ ಮತದಾನ ಅಂದರೆ 5.30ಕ್ಕೆ ನೀವು ಅಲ್ಲಿರಬೇಕು. ಏಜೆಂಟರು ಬರದಿದ್ದರೆ ಸ್ವಲ್ಪ ಹೊತ್ತು ಕಾದು ಮುಂದುವರಿಸುತ್ತಾರೆ, ನಿಮಗಾಗಿ ನಿಲ್ಲಿಸುವುದಿಲ್ಲ. ಎಲ್ಲ ಹಂತಗಳಲ್ಲಿ ಇದೇ ನನಗೆ ಅತಿ ಮುಖ್ಯ ಅನ್ನಿಸುವುದು, ಜನ ಹೆಚ್ಚಾಗಿ ತಪ್ಪಿಸಿಕೊಳ್ಳುವುದೂ ಇದನ್ನೇ.

ಕನಿಷ್ಠ 50 ಮತ ಹಾಕಬೇಕು, ನೋಟಾ ಸೇರಿ ಪ್ರತಿಯೊಬ್ಬ ಅಭ್ಯರ್ಥಿಗೂ ಬೀಳಬೇಕು. ಯಾರಿಗೆ ಎಷ್ಟು ಹಾಕಿದಿರಿ ಅಂತ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಆಮೇಲೆ ಕಂಟ್ರೋಲ್ ಯೂನಿಟ್ ತೋರಿಸುವ ಸಂಖ್ಯೆ, ವಿವಿಪ್ಯಾಟಿನಿಂದ ತೆಗೆದ ಚೀಟಿಗಳ ಸಂಖ್ಯೆ, ನಿಮ್ಮ ಗೀಟು ಮೂರೂ ಒಂದೇ ಆಗಬೇಕು. ಒಂದು ಚೀಟಿ ಹೆಚ್ಚು ಕಡಿಮೆ ಇದ್ದರೂ ಅಲ್ಲೇ ಕೇಳಿ. ಅದರ ಮೇಲೆ ಏನು ಮುದ್ರಣವಾಗಿದೆ ಅಂತ ಓದಿ, ಬರೆದುಕೊಳ್ಳಿ.

ಮುಂದಿನದು ಇನ್ನೂ ಮುಖ್ಯ. ಅಣಕು ಮತಗಳನ್ನು ಯಂತ್ರದಿಂದ ಅಳಿಸಬೇಕು. ಅಳಿಸಿದ ಮೇಲೆ ಒಟ್ಟು ಸೊನ್ನೆ ತೋರಿಸುವುದನ್ನು ಕಣ್ಣಾರೆ ನೋಡಿ. ಚೀಟಿಗಳ ಹಿಂದೆ ಮಾಕ್ ಪೋಲ್ ಮುದ್ರೆ ಹಾಕಿ ಕಪ್ಪು ಲಕೋಟೆಯಲ್ಲಿಟ್ಟು ಸೀಲ್ ಮಾಡುತ್ತಾರೆ. ವಿವಿಪ್ಯಾಟ್ ಡಬ್ಬಿ ಖಾಲಿ ಇದೆಯಾ ಅಂತಲೂ ನೋಡಿ. 2019ರಲ್ಲಿ ಆಂಧ್ರದ ಮೈದುಕೂರು ಕ್ಷೇತ್ರದ ಒಂದು ಬೂತಿನಲ್ಲಿ ಅಣಕು ಮತ ಅಳಿಸದೇ ಬಿಟ್ಟಿದ್ದರಿಂದ ಲೆಕ್ಕ ತಾಳೆಯಾಗಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನಲ್ಲೂ ಅದರ ಪ್ರಸ್ತಾಪ ಇದೆ. ಅದು ಅಧಿಕಾರಿಯ ಕೈತಪ್ಪು. ಆದರೆ ಅಲ್ಲಿ ಕೂತ ಏಜೆಂಟರು "ಸೊನ್ನೆ ತೋರಿಸಿ" ಅಂತ ಕೇಳಿದ್ದರೆ ಆ ಗೊಂದಲ ಆಗುತ್ತಿರಲಿಲ್ಲ.

ಕೊನೆಗೆ ಹಸಿರು ಕಾಗದದ ಸೀಲ್ ಹಾಕುತ್ತಾರೆ. ಅದರ ನಂಬರ್ ಬರೆದುಕೊಂಡು ಅದರ ಮೇಲೆ ನೀವೂ ಸಹಿ ಹಾಕಿ.

ಹಂತ 4: ಗುಂಡಿ ಒತ್ತುವಾಗ ಎಲ್ಲಿ ನೋಡಬೇಕು (ಎಲ್ಲರಿಗೂ)

ನಿಮ್ಮ ಅಭ್ಯರ್ಥಿಯ ಕ್ರಮಸಂಖ್ಯೆಯನ್ನು ಮನೆಯಲ್ಲೇ ತಿಳಿದುಕೊಂಡು ಹೋಗಿ. ಬ್ಯಾಲೆಟ್ ಯೂನಿಟ್ಟಿನಲ್ಲಿ ಹೆಸರಿನ ಜೊತೆ ಫೋಟೋ, ಚಿಹ್ನೆ ಇರುತ್ತದೆ. ಒಂದೇ ಹೆಸರಿನವರು ಇಬ್ಬರು ಮೂವರು ನಿಂತಿದ್ದರೆ ಫೋಟೋ ಮತ್ತು ಚಿಹ್ನೆಯೇ ಆಧಾರ. ಗುಂಡಿಯನ್ನು ಗಟ್ಟಿಯಾಗಿ ಒತ್ತಿ, ಕೆಂಪು ದೀಪ ಹೊತ್ತಿದ ಕೂಡಲೇ ಕಣ್ಣು ವಿವಿಪ್ಯಾಟ್ ಗಾಜಿನ ಮೇಲಿರಲಿ. ಕ್ರಮಸಂಖ್ಯೆ, ಹೆಸರು, ಚಿಹ್ನೆ ಮೂರೂ ಓದಿ. ಏಳು ಸೆಕೆಂಡ್ ಅಂದರೆ ಜಾಸ್ತಿ ಹೊತ್ತಲ್ಲ. ಬೀಪ್ ಸದ್ದು ಕೇಳಿದ ಮೇಲೆ ಹೊರಗೆ ಬನ್ನಿ.

ವಯಸ್ಸಾದವರಿಗೆ ಇದನ್ನು ಮೊದಲೇ ಹೇಳಿಕೊಡಿ. ಎಷ್ಟೋ ಜನ ಬೆರಳಿನ ಕಡೆಯೇ ನೋಡುತ್ತಾ ಇದ್ದು, ಚೀಟಿ ಬಿದ್ದ ಮೇಲೆ ತಲೆ ಎತ್ತುತ್ತಾರೆ. ಆಮೇಲೆ "ಏನೋ ಬೇರೆ ಕಂಡ ಹಾಗಾಯಿತು" ಅನ್ನುತ್ತಾರೆ. ಆ ಅನುಮಾನ ಇಡೀ ಊರಿಗೆ ಹರಡುತ್ತದೆ.

ಚೀಟಿ ಮನೆಗೆ ಕೊಡುವುದಿಲ್ಲ. ಮೊಬೈಲ್ ಒಳಗೆ ತರಬೇಡಿ, ಮತ ಹಾಕುವುದನ್ನು ವಿಡಿಯೋ ಮಾಡಿದರೆ ಕೇಸ್ ಆಗಬಹುದು. ಚೀಟಿಯೇ ಕಾಣದಿದ್ದರೆ, ಬೀಪ್ ಬರದಿದ್ದರೆ, ಒಳಗಿನಿಂದಲೇ ಪ್ರಿಸೈಡಿಂಗ್ ಆಫೀಸರ್ ಅವರನ್ನು ಕರೆಯಿರಿ. ಹೊರಗೆ ಬಂದು ಹೇಳಿದರೆ ತಡವಾಗುತ್ತದೆ.

ಹಂತ 5: ಚೀಟಿಯಲ್ಲಿ ಬೇರೆ ಹೆಸರು ಕಂಡರೆ

ಇದಕ್ಕೆ ಚುನಾವಣಾ ನಿಯಮಗಳಲ್ಲಿ 49ಎಂಎ ಅಂತ ಒಂದು ನಿಯಮ ಇದೆ. ಪ್ರಿಸೈಡಿಂಗ್ ಆಫೀಸರ್ ಹತ್ತಿರ ಕೂಡಲೇ ಹೇಳಿ. ಅವರು ಮೊದಲು ಎಚ್ಚರಿಕೆ ಕೊಡುತ್ತಾರೆ, ಆಮೇಲೆ ನಿಮ್ಮಿಂದ ಲಿಖಿತ ಹೇಳಿಕೆ ತೆಗೆದುಕೊಳ್ಳುತ್ತಾರೆ. ನಂತರ ಅವರ ಮತ್ತು ಏಜೆಂಟರ ಎದುರಿಗೆ ನೀವು ಒಂದು ಪರೀಕ್ಷಾ ಮತ ಹಾಕಬೇಕು. ಚೀಟಿ ತಪ್ಪಾಗಿ ಬಂದರೆ ಆ ಯಂತ್ರದಲ್ಲಿ ಮತದಾನ ಅಲ್ಲೇ ನಿಲ್ಲುತ್ತದೆ. ಸರಿಯಾಗಿ ಬಂದರೆ ನಿಮ್ಮ ಹೇಳಿಕೆ ಸುಳ್ಳು ಅಂತ ದಾಖಲಾಗುತ್ತದೆ. ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 212ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2019ರಲ್ಲಿ ತಿರುವನಂತಪುರದಲ್ಲಿ ಹೀಗೆ ದೂರು ಕೊಟ್ಟ ಒಬ್ಬ ಯುವಕನ ಮೇಲೆ ಕೇಸ್ ಆಗಿತ್ತು.

ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಒಮ್ಮೆ ತಪ್ಪು ಮಾಡಿದ ಯಂತ್ರ ಎರಡನೇ ಸಲವೂ ಅದೇ ತಪ್ಪು ಮಾಡಬೇಕು ಅಂತ ಏನಿದೆ? ಸಾಬೀತು ಮಾಡುವ ಭಾರವನ್ನೆಲ್ಲ ಮತದಾರರ ತಲೆಗೆ ಕಟ್ಟಿ, ಜೈಲಿನ ಭಯವನ್ನೂ ಸೇರಿಸಿದರೆ ನಿಜವಾಗಿ ತಪ್ಪು ಕಂಡವರೂ ಬಾಯಿ ಮುಚ್ಚಿಕೊಂಡು ಹೋಗುತ್ತಾರೆ. ಆದರೂ ನಿಯಮ ಇರುವುದು ಹಾಗೆ. ಮೂರು ವಿವರವನ್ನೂ ಸ್ಪಷ್ಟವಾಗಿ ಓದಿದ್ದರೆ ಮಾತ್ರ ಸಹಿ ಹಾಕಿ. ಸಹಿ ಹಾಕುವ ಹಾಳೆಯ ಭಾಷೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಪೆನ್ನು ಹಿಡಿಯಬೇಡಿ.

ನೀವು ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿ ಯಾರೋ ಮತ ಹಾಕಿದ್ದರೆ ಅದು ಬೇರೆ ವಿಷಯ. ಗುರುತು ತೋರಿಸಿ ಟೆಂಡರ್ಡ್ ವೋಟ್ ಕೇಳಿ. ನಿಮಗೆ ಕಾಗದದ ಮತಪತ್ರ ಕೊಟ್ಟು, ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಸಿಟ್ಟಿನಿಂದ ಮನೆಗೆ ವಾಪಸ್ ಹೋಗಬೇಡಿ, ಕಳ್ಳವೋಟಿಗೆ ದಾಖಲೆಯಾಗಿ ಉಳಿಯುವುದು ಅದೊಂದೇ.

ಹಂತ 6: 17ಸಿ ಕೈಗೆ ಬರುವವರೆಗೆ ಏಳಬೇಡಿ (ಏಜೆಂಟರಿಗೆ)

ಮತದಾನ ಮುಗಿದ ಮೇಲೆ ಪ್ರಿಸೈಡಿಂಗ್ ಆಫೀಸರ್ ಕ್ಲೋಸ್ ಗುಂಡಿ ಒತ್ತುತ್ತಾರೆ. ಅದರ ನಂತರ ಆ ಯಂತ್ರಕ್ಕೆ ಮತ ಬೀಳುವುದಿಲ್ಲ. ಒಟ್ಟು ಸಂಖ್ಯೆ ಪರದೆಯಲ್ಲಿ ಬರುತ್ತದೆ. ಅದು ಮತದಾರರ ಸಹಿ ಇರುವ 17ಎ ರಿಜಿಸ್ಟರಿಗೆ ತಾಳೆಯಾಗಬೇಕು. ಇದೆಲ್ಲವನ್ನೂ 17ಸಿಯಲ್ಲಿ ಬರೆದು, ಹಾಜರಿರುವ ಪ್ರತಿ ಏಜೆಂಟರಿಗೂ ಪ್ರತಿ ಕೊಡಲೇಬೇಕು. ಅದು ಬೇಡಿ ಪಡೆಯುವ ಉಪಕಾರ ಅಲ್ಲ, ನಿಯಮ.

ಬೆಳಗ್ಗೆ ಐದೂವರೆಗೆ ಬಂದವರಿಗೆ ಸಂಜೆ ಆರರ ಹೊತ್ತಿಗೆ ಸಾಕಾಗಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಈ ಹಾಳೆ ಬರುತ್ತದೆ. ಎರಡು ಬದಲಿ ಏಜೆಂಟರನ್ನು ಇಟ್ಟುಕೊಳ್ಳಲು ಅವಕಾಶ ಇದೆ, ಅದರಲ್ಲಿ ಒಬ್ಬರನ್ನು ಸಂಜೆಗಂತಲೇ ಇಡಿ. ಹಾಳೆಯಲ್ಲಿ ಕಂಟ್ರೋಲ್ ಯೂನಿಟ್ ನಂಬರ್, ಸೀಲ್ ನಂಬರ್, ಒಟ್ಟು ಮತ ಮೂರೂ ತುಂಬಿದೆಯಾ ನೋಡಿ. ಖಾಲಿ ಜಾಗ ಬಿಟ್ಟ ಹಾಳೆ ತೆಗೆದುಕೊಳ್ಳಬೇಡಿ.

ಅಲ್ಲಿಂದ ಯಂತ್ರ ಸ್ಟ್ರಾಂಗ್ ರೂಮಿಗೆ ಹೋಗುತ್ತದೆ. ಬಾಗಿಲಿಗೆ ಅಭ್ಯರ್ಥಿಯ ಕಡೆಯವರೂ ತಮ್ಮ ಸೀಲ್ ಹಾಕಬಹುದು, ಹೊರಗೆ ನಿಗದಿ ಮಾಡಿದ ಜಾಗದಲ್ಲಿ ಕಾವಲು ಕೂರಬಹುದು. ಎಣಿಕೆಗೆ ವಾರಗಟ್ಟಲೆ ಇದ್ದರೆ ಪಾಳಿ ಹಾಕಿಕೊಳ್ಳಿ.

ಹಂತ 7: ಎಣಿಕೆಯ ದಿನ ಮತ್ತು ಅದರ ನಂತರ

ಎಣಿಕೆ ಏಜೆಂಟರು ಮೇಜಿಗೆ ಬಂದ ಪ್ರತಿ ಕಂಟ್ರೋಲ್ ಯೂನಿಟ್ಟಿನ ನಂಬರ್, ಸೀಲ್ ಮತ್ತು ಒಟ್ಟು ಮತವನ್ನು 17ಸಿ ಜೊತೆ ಹೋಲಿಸಬೇಕು. ಫಲಿತಾಂಶದ ಗುಂಡಿ ಒತ್ತುವ ಮೊದಲೇ ಹೋಲಿಸಿ. ವ್ಯತ್ಯಾಸ ಕಂಡರೆ ಆ ಯಂತ್ರವನ್ನು ಬದಿಗಿಡಿಸಿ, ಲಿಖಿತವಾಗಿ ಆಕ್ಷೇಪ ಕೊಡಿ. ಬಾಯಿಮಾತಿನ ಆಕ್ಷೇಪಕ್ಕೆ ಮುಂದೆ ಕೋರ್ಟಿನಲ್ಲಿ ಬೆಲೆ ಇಲ್ಲ.

2019ರ ಏಪ್ರಿಲ್ 8ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಬೂತಿನ ಚೀಟಿಗಳನ್ನು ಎಣಿಸುತ್ತಾರೆ. ಕಾಸರಗೋಡು ಲೋಕಸಭೆಯಲ್ಲಿ ಮಂಜೇಶ್ವರದಿಂದ ಕಲ್ಯಾಶ್ಶೇರಿಯವರೆಗೆ ಏಳು ವಿಧಾನಸಭಾ ಕ್ಷೇತ್ರಗಳು, ಅಂದರೆ ಒಟ್ಟು 35 ಬೂತುಗಳ ಚೀಟಿ. ಯಾವ ಬೂತು ಅಂತ ಚೀಟಿ ಎತ್ತಿ ಆರಿಸುವುದನ್ನು ಎದುರಿಗೆ ನಿಂತು ನೋಡಿ. 89 ಮತದಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕಡೆ ಐದು ಬೂತು ಸಾಲದು, ಅಂತರ ಕಡಿಮೆ ಇರುವಲ್ಲಿ ಹೆಚ್ಚು ಎಣಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ದಾರಿ ಏನೆಂದರೆ, ಫಲಿತಾಂಶ ಘೋಷಿಸುವ ಮೊದಲು ಅಭ್ಯರ್ಥಿ 56ಡಿ ನಿಯಮದಡಿ ಇಂಥ ಬೂತಿನ ಚೀಟಿ ಎಣಿಸಿ ಅಂತ ಕಾರಣ ಸಹಿತ ಬರೆದು ಕೇಳಬಹುದು. ಒಪ್ಪುವುದು ಬಿಡುವುದು ರಿಟರ್ನಿಂಗ್ ಆಫೀಸರ್ ತೀರ್ಮಾನ, ಆದರೆ ಕಾರಣವನ್ನು ಅವರು ಬರೆದು ಕೊಡಬೇಕು. ಎಣಿಸಿದ ಮೇಲೆ ಯಂತ್ರದ ಸಂಖ್ಯೆಗೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ.

ಫಲಿತಾಂಶ ಬಂದ ಮೇಲೆ ಏಳು ದಿನದೊಳಗೆ, ಎರಡನೇ ಅಥವಾ ಮೂರನೇ ಸ್ಥಾನದ ಅಭ್ಯರ್ಥಿ ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5 ಯಂತ್ರಗಳ ಚಿಪ್ ಪರೀಕ್ಷೆ ಮಾಡಿಸಿ ಅಂತ ಅರ್ಜಿ ಕೊಡಬಹುದು. ಇದು 2024ರ ತೀರ್ಪು ಸೇರಿಸಿದ ದಾರಿ. ಖರ್ಚು ಅರ್ಜಿ ಕೊಟ್ಟವರದು, ಯಂತ್ರ ತಿದ್ದಿರುವುದು ಕಂಡುಬಂದರೆ ಹಣ ವಾಪಸ್. ಸಿಂಬಲ್ ಲೋಡಿಂಗ್ ಯೂನಿಟ್ಟುಗಳನ್ನೂ ಸೀಲ್ ಮಾಡಿ 45 ದಿನ ಇಡಬೇಕು ಅಂತ ಅದೇ ತೀರ್ಪು ಹೇಳಿದೆ. ಚುನಾವಣಾ ತಕರಾರು ಅರ್ಜಿಯನ್ನು ಹೈಕೋರ್ಟಿಗೆ ಹಾಕಲು ಇರುವ ಗಡುವೂ 45 ದಿನವೇ. ಅದನ್ನು ಅಭ್ಯರ್ಥಿ ಮಾತ್ರವಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಊರಲ್ಲೇ ಕಾಗದದ ಮತಪತ್ರ ಹಾಕಿ ನೋಡೋಣ ಅನ್ನುವ ಯೋಚನೆ ಮಾತ್ರ ಬೇಡ. ಸೊಲ್ಲಾಪುರ ಜಿಲ್ಲೆಯ ಮಾರ್ಕಡವಾಡಿಯಲ್ಲಿ 2024ರ ಡಿಸೆಂಬರಿನಲ್ಲಿ ಹಳ್ಳಿಯವರು ಹಾಗೆ ಹೊರಟಾಗ ಆಡಳಿತ ನಿಷೇಧಾಜ್ಞೆ ಹಾಕಿತು, ಜನರ ಮೇಲೆ ಕೇಸ್ ಆಯಿತು. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಹಾಗೆ ಹಾಕಿದ ಮತಕ್ಕೆ ಕಾನೂನಿನ ಬೆಲೆ ಇಲ್ಲ.

ದೂರು ಬರೆಯುವಾಗ

ಬೂತಿನ ನಂಬರ್, ಯಂತ್ರದ ನಂಬರ್, ಗಂಟೆ, ಕಣ್ಣಿಗೆ ಕಂಡದ್ದು, ಜೊತೆಗಿದ್ದ ಏಜೆಂಟರು ಯಾರು, ಇಷ್ಟು ಇರಲಿ. ಊಹೆ ಬೇಡ, ಪಕ್ಷದ ಬೈಗುಳ ಬೇಡ. ಕನ್ನಡದಲ್ಲೇ ಬರೆಯಿರಿ. ಕೇರಳದ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶ ಇದೆ. ಎರಡು ಪ್ರತಿ ಮಾಡಿ, ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಕು ಮತ್ತು ಮುದ್ರೆ ಹಾಕಿಸಿಕೊಂಡೇ ಬನ್ನಿ.